ಒಂಬತ್ತನೇ ಕಂಬದ ವಿಳಾಸ

ಸೋಮವಾರ, ಮಾರ್ಚ್ ೩

ಮೂರು ಗಂಟೆ ಹತ್ತು ನಿಮಿಷ. ಕೆಮ್ಮಿನ ಸದ್ದಿಗೆ ಎಚ್ಚರವಾಯಿತು. ಪಕ್ಕದಲ್ಲಿ ಮಲಗುವ ಮುದುಕಿಯದೇ ಇರಬೇಕು. ಎದ್ದು ನೋಡಿದರೆ ಅವಳು ಗೋಣಿಚೀಲವನ್ನು ಗಲ್ಲದವರೆಗೆ ಎಳೆದುಕೊಂಡು ನನ್ನನ್ನೇ ದಿಟ್ಟಿಸುತ್ತಿದ್ದಾಳೆ, ನಿದ್ದೆ ಕೆಡಿಸಿದ್ದು ನಾನೇ ಎನ್ನುವ ಹಾಗೆ. ಪುಟ್ಟಿಯನ್ನು ಎತ್ತಿ ನನ್ನ ಇನ್ನೊಂದು ಮಗ್ಗುಲಿಗೆ ಮಲಗಿಸಿದೆ. ಮುದುಕಿಗೂ ಮಗುವಿಗೂ ನಡುವೆ ಈಗ ನಾನೇ ಗೋಡೆ.

ಎದುರಿನ ಬ್ಯಾಂಕಿನ ಹಣೆಯ ಮೇಲೆ ಕೆಂಪು ಅಂಕಿಗಳ ಗಡಿಯಾರವಿದೆ. ಬೀದಿದೀಪದ ಬೆಳಕು ಪುಟಕ್ಕೆ ಸಾಕಾಗುತ್ತದೆ. ಪುಸ್ತಕ ನನ್ನ ಕಾಲೇಜಿನದು. ಮುಂದಿನ ಅರ್ಧದಲ್ಲಿ ಸಸ್ಯಶಾಸ್ತ್ರದ ನೋಟ್ಸು, ಉಳಿದರ್ಧ ಖಾಲಿ. ಕಟ್ಟಡ ಬೀಳುವ ಸ್ಥಿತಿಯಲ್ಲಿದೆ, ಎರಡು ದಿನದಲ್ಲಿ ಜಾಗ ಬಿಡಿ ಎಂದು ಬಾಗಿಲಿಗೆ ನೋಟಿಸು ಅಂಟಿಸಿದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುರುಕಿದೆ. ಹತ್ತು ತಿಂಗಳ ಮಗುವಿಗೆ ಬೇಕಾದ್ದು ಎಷ್ಟೋ ಉಳಿದುಹೋಯಿತು. ಆ ಗಡಿಬಿಡಿಯಲ್ಲಿ ಫೋನು ಎಲ್ಲಿ ಬಿತ್ತೋ ಗೊತ್ತಿಲ್ಲ. ಎಲೆಗಳ ಚಿತ್ರವಿರುವ ಈ ಪುಸ್ತಕ ಮಾತ್ರ ಬಂತು.

ಪುಟ್ಟಿ ಹೊಟ್ಟೆಯಲ್ಲಿದ್ದಾಗ ಕೆಲಸ ಹುಡುಕುತ್ತೇನೆಂದು ಹೋದ ಗಂಡನ ಪತ್ತೆಯಿಲ್ಲ. ಅತ್ತೆಯ ಬಾಗಿಲಿಗೆ ಹೋದೆ. “ನನ್ನ ಮಗನೇ ಇಲ್ಲ, ನೀನು ಯಾರಿಗೆ ಸೊಸೆ?” ಎಂದರು. ತೌರು ಅಪ್ಪ ಅಮ್ಮನ ಜೊತೆಗೇ ಮುಗಿದಿತ್ತು. ಹೆಂಗಸರ ತಂಗುದಾಣದಲ್ಲಿ ಹೆಸರು ಬರೆಸಿದ್ದೇನೆ, ಜಾಗವಾದಾಗ ಕರೆಯುತ್ತಾರಂತೆ. ಹೇಗೆ ಕರೆಯುತ್ತಾರೋ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈ ಮೇಲುಸೇತುವೆಯ ಕೆಳಗೆ ಮಲಗುವವರು ಮೂವತ್ತು ನಲವತ್ತು ಜನ. ಕಂಬಗಳಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದಿದೆ. ನಾವು ಮಲಗುವುದು ಒಂಬತ್ತನೆಯದರ ಹತ್ತಿರ. ಇವರೆಲ್ಲ ಎಷ್ಟೋ ವರ್ಷದಿಂದ ಇದ್ದವರು, ಇದಕ್ಕೇ ಒಗ್ಗಿಹೋದವರು. ನಾವು ಹಾಗಲ್ಲ. ಇದು ಹದಿನೇಳನೆಯ ರಾತ್ರಿ, ಅಷ್ಟೆ.

ಮಂಗಳವಾರ, ಮಾರ್ಚ್ ೪

ಮಂಗಳವಾರ ಸಂಜೆ ಇಲ್ಲಿಗೆ ಆಸ್ಪತ್ರೆಯ ವ್ಯಾನು ಬರುತ್ತದೆ. ಮಡಚುವ ಮೇಜು, ಎರಡು ಸ್ಟೂಲು, ಒಬ್ಬ ಡಾಕ್ಟರು, ಒಬ್ಬ ಸಿಸ್ಟರು. ಡಾಕ್ಟರು ಇದ್ದರೂ ಎಲ್ಲರೂ ಹೇಳಿಕೊಳ್ಳುವುದು ಸಿಸ್ಟರ ಹತ್ತಿರವೇ. ಪುಟ್ಟಿಗೆ ರಾತ್ರಿ ರಾತ್ರಿ ಮೈ ಬೆಚ್ಚಗಾಗುತ್ತಿದೆ. ಮುಖ ತೊಳೆದು, ಕೂದಲು ಬಾಚಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿ, ಆಚೆ ರಸ್ತೆಯಿಂದ ಬಂದವಳ ಹಾಗೆ ಸುತ್ತು ಹಾಕಿ ಸಾಲಿನಲ್ಲಿ ನಿಂತೆ.

ಸಿಸ್ಟರು ಹೆಸರು ಹಿಡಿದು ಕರೆಯುವುದಿಲ್ಲ. “ಆರನೇ ಕಂಬ, ಕಾಲು ತೋರ್ಸಿ. ಎರಡನೇ ಕಂಬ, ಮಾತ್ರೆ ನುಂಗಿದ್ರಾ, ಜೇಬಲ್ಲೇ ಇಟ್ಕೊಂಡ್ರಾ?” ಎನ್ನುತ್ತಾರೆ. ಬಗ್ಗಿ ಅವರ ರಿಜಿಸ್ಟರು ನೋಡಿದೆ. ವಿಳಾಸದ ಕಾಲಮ್ಮಿನಲ್ಲಿ ಕಂಬ ೨, ಕಂಬ ೬, ಕಂಬ ೯, ಬ್ಯಾಂಕಿನ ಮೆಟ್ಟಿಲು, ನೀರಿನ ಟ್ಯಾಂಕಿನ ಹಿಂದೆ. ಯಾರಿಗೆ ಏನೇ ಬಂದರೂ ಅಲ್ಲಿಗೇ ಹುಡುಕಿಕೊಂಡು ಹೋಗುತ್ತಾರಂತೆ.

ನನ್ನ ಸರದಿ ಬಂದಾಗ ಎಲ್ಲಿರೋದಮ್ಮ ಎಂದು ಕೇಳಿದರು. ಬಾಯಿ ತಾನಾಗಿ ಹಳೆಯ ಮನೆಯ ನಂಬರು ಹೇಳಿತು, ಮೂರನೇ ಅಡ್ಡರಸ್ತೆ, ದರ್ಜಿ ಅಂಗಡಿಯ ಮೇಲಿನ ಮಹಡಿ. ಈ ಕಡೆ ಹಾದುಹೋಗುತ್ತಿದ್ದೆ, ವ್ಯಾನು ಕಂಡಿತು ಎಂದೆ. ಫೋನು ರಿಪೇರಿಗೆ ಕೊಟ್ಟಿದ್ದೇನೆ ಎಂದೆ. ಒಂದು ಸುಳ್ಳು ಹೇಳಿದವಳಿಗೆ ಉಳಿದವು ಸಲೀಸು.

ಸುಳ್ಳು ನಾಚಿಕೆಗೆ ಮಾತ್ರ ಹೇಳಿದ್ದಲ್ಲ. ಬೀದಿಯಲ್ಲಿ ಮಗು ಇಟ್ಟುಕೊಂಡವರ ಮಗುವನ್ನು ಮಕ್ಕಳ ಇಲಾಖೆಯವರು ಕರೆದೊಯ್ಯುತ್ತಾರೆ, ವಾಪಸು ಕೊಡಲು ಮನೆ ತೋರಿಸು ಎನ್ನುತ್ತಾರೆ ಎಂದು ನಾನು ಹಗಲು ಹೊತ್ತು ಕೂರುವ ದೊಡ್ಡ ಆಸ್ಪತ್ರೆಯ ಹಾಲಿನಲ್ಲಿ ಇಬ್ಬರು ಹೆಂಗಸರು ಮಾತಾಡಿಕೊಂಡಿದ್ದನ್ನು ಈ ಕಿವಿಯಲ್ಲೇ ಕೇಳಿದ್ದೇನೆ.

ಪುಟ್ಟಿಗೆ ಜ್ವರದ ಸಿರಪ್ಪು ಕೊಟ್ಟರು. ಕೆಮ್ಮುವವರೆಲ್ಲ ಕಫ ಕೊಡಬೇಕು, ಪುಟ್ಟ ಮಕ್ಕಳ ತಾಯಂದಿರೂ ಕೊಡಬೇಕು ಎಂದು ಮುಚ್ಚಳದ ಡಬ್ಬಿ ಹಂಚಿದರು. ನನಗೆ ಬರೀ ಧೂಳಿನ ಕೆರೆತ ಎಂದೆ. “ಧೂಳಾದ್ರೆ ಧೂಳು ಅಂತಾನೇ ಬರುತ್ತೆ, ಕೊಡಿ” ಎಂದರು. ಕೊಟ್ಟೆ. ಏನಾದರೂ ಇದ್ದರೆ ಮನೆಗೇ ಬರುತ್ತೇವೆ, ಬರದಿದ್ದರೆ ಆರಾಮಾಗಿರಿ ಎಂದರು. ಮುದುಕಿಯೂ ಡಬ್ಬಿ ತೆಗೆದುಕೊಂಡಳು. ಒಳ್ಳೆಯದಾಯಿತು. ಅವಳಿಗೆ ಏನಿದೆಯೆಂದು ಗೊತ್ತಾದರೆ ನಾವು ಬೇರೆ ಕಂಬ ನೋಡಿಕೊಳ್ಳಬಹುದು.

ಭಾನುವಾರ, ಮಾರ್ಚ್ ೯

ಭಾನುವಾರ ಬಂದರೆ ಭಯ. ಉಳಿದ ದಿನ ಬೆಳಗ್ಗೆ ಎಂಟಕ್ಕೆ ದೊಡ್ಡ ಆಸ್ಪತ್ರೆಯ ಹೊರರೋಗಿಗಳ ಹಾಲಿಗೆ ಹೋಗಿಬಿಡುತ್ತೇನೆ. ಕಬ್ಬಿಣದ ಕುರ್ಚಿ, ಫ್ಯಾನು, ಕುಡಿಯುವ ನೀರು, ಬಾಗಿಲಿರುವ ಶೌಚಾಲಯ. ಮಗು ಎತ್ತಿಕೊಂಡ ಹೆಂಗಸು ಆಸ್ಪತ್ರೆಯಲ್ಲಿ ಕೂತಿದ್ದರೆ ಯಾಕೆ ಕೂತೆ ಎಂದು ಯಾರೂ ಕೇಳುವುದಿಲ್ಲ. ಟೋಕನ್ ನಂಬರು ಬದಲಾದಾಗಲೆಲ್ಲ ನಾನೂ ತಲೆಯೆತ್ತಿ ನೋಡುತ್ತೇನೆ, ನನ್ನದು ಇನ್ನೂ ಬಂದಿಲ್ಲ ಎನ್ನುವ ಮುಖ ಮಾಡುತ್ತೇನೆ. ಎರಡು ಗಂಟೆಗೆ ಹಾಲು ಮುಚ್ಚಿದಾಗ ಔಷಧಿ ಕೌಂಟರಿನ ಬೆಂಚಿಗೆ ಹೋಗುತ್ತೇನೆ. ಇಷ್ಟೊಂದು ಡಾಕ್ಟರುಗಳ ನಡುವೆ ದಿನವಿಡೀ ಇದ್ದು ಒಬ್ಬರಿಗೂ ಮಗುವನ್ನು ತೋರಿಸಿಲ್ಲ. ತೋರಿಸಬೇಕಾದರೆ ಮೊದಲು ನೋಂದಣಿ ಕಿಟಕಿ. ಅಲ್ಲಿ ವಿಳಾಸದ ಕಾಗದ ಬೇಕು.

ಭಾನುವಾರ ಆ ಹಾಲ್ ತೆರೆಯುವುದಿಲ್ಲ. ಪಾರ್ಕಿನಲ್ಲಿ ಬಿಸಿಲು. ಮಧ್ಯಾಹ್ನ ಕಂಬಕ್ಕೇ ಬಂದುಬಿಟ್ಟೆ. ಮುದುಕಿ ಗೋಣಿಗೆ ತೇಪೆ ಹಾಕುತ್ತಿದ್ದಳು. ಅವಳಿಗೆ ಎಲ್ಲರೂ ಗೋಣಿಯಜ್ಜಿ ಎನ್ನುತ್ತಾರೆ. ನನ್ನ ತೋಳು ಸೋತದ್ದು ನೋಡಿ ಮಗುವಿಗೆ ಕೈಚಾಚಿದಳು. ನಾನು ಹಿಂದೆ ಸರಿದೆ.

“ತಿಂದುಬಿಡ್ತೀನಾ? ಹಲ್ಲೇ ಇಲ್ವಲ್ಲ ನನಗೆ” ಎಂದು ಬೊಚ್ಚುಬಾಯಿ ತೆರೆದು ತೋರಿಸಿದಳು. ಪುಟ್ಟಿ ನಕ್ಕಳು. ನಾಲ್ಕು ದಿನದಿಂದ ನನಗೆ ಒಂದು ನಗು ಕೊಟ್ಟಿರಲಿಲ್ಲ.

ಮಂಗಳವಾರ, ಮಾರ್ಚ್ ೧೧

ಯಾರೂ ಬಂದಿಲ್ಲ ಎಂದರೆ ಏನೂ ಇಲ್ಲ ಎಂದರ್ಥ. ವಾರವಾಯಿತು. ಎದೆ ಹಗುರವಾಯಿತು.

ಇವತ್ತು ವ್ಯಾನಿನ ಹತ್ತಿರ ಹೋಗಲಿಲ್ಲ. ಮನೆ ಇರುವವಳು ವಾರವಾರ ಸೇತುವೆ ಕೆಳಗೆ ಯಾಕೆ ಹಾದುಹೋಗುತ್ತಾಳೆ? ದೂರದಲ್ಲಿ ಬ್ಯಾಂಕಿನ ಗೋಡೆ ಮರೆಯಲ್ಲಿ ನಿಂತು ನೋಡಿದೆ. ಮುದುಕಿ ಸ್ಟೂಲಿನಿಂದ ಎದ್ದು ಗೆದ್ದವಳ ಹಾಗೆ ಬಂದಳು. ಕಫದಲ್ಲಿ ಏನೂ ಇಲ್ಲವಂತೆ.

“ನನ್ನೆದೆ ಗಂಟೆ ಥರ ಇದೆಯಂತೆ ಕಣೇ ಹುಡುಗಿ. ಇನ್ನಾದ್ರೂ ಮಗು ಕೊಡ್ತೀಯೋ, ಸರ್ಟಿಫಿಕೇಟು ಬೇಕೋ?”

ಕೊಡಲಿಲ್ಲ. ಯಂತ್ರ ಎಷ್ಟು ಹಳೆಯದೋ, ಡಬ್ಬಿ ಅದಲುಬದಲಾಯಿತೋ ಏನೋ. ರಾತ್ರಿ ಕೆಮ್ಮಿನ ಸದ್ದಿಗೆ ನಾನು ದಿನಾ ಏಳುತ್ತಿಲ್ಲವೇ?

ಶುಕ್ರವಾರ, ಮಾರ್ಚ್ ೧೪

ಹಾಲಿನ ಮೂಲೆಯಲ್ಲಿ ಮಕ್ಕಳ ತೂಕದ ತಕ್ಕಡಿ ಇದೆ. ನರ್ಸು ಟೀ ಕುಡಿಯಲು ಹೋದಾಗ ಪುಟ್ಟಿಯನ್ನು ಇಟ್ಟು ನೋಡಿದೆ. ಏಳು ಕೇಜಿ ನೂರು ಗ್ರಾಂ. ಮನೆಯಲ್ಲಿದ್ದಾಗ, ಲಸಿಕೆಯ ದಿನ, ಏಳು ಎಂಟುನೂರು ಇತ್ತು.

ಯೋಚಿಸದೆ ನೋಂದಣಿ ಸಾಲಿನಲ್ಲಿ ನಿಂತುಬಿಟ್ಟೆ. ಒಂದೂವರೆ ಗಂಟೆಗೆ ಕಿಟಕಿ ಬಂತು.

ಕಿಟಕಿಯವರು ಕೆಟ್ಟವರಲ್ಲ, ಬೇಸತ್ತವರು. ವಿಳಾಸದ ಕಾಗದ ಎಂದರು. ಮರೆತುಬಂದೆ ಎಂದೆ. ಮನೆಗೆ ಫೋನ್ ಮಾಡಿ ತರಿಸಿ ಎಂದರು. ಮನೆಯಲ್ಲಿ ಯಾರೂ ಇಲ್ಲ ಎಂದೆ. ಅದೊಂದೇ ಇವತ್ತು ನಾನಾಡಿದ ನಿಜ.

“ಹಾಗಾದ್ರೆ ನಾಳೆ ತಗೊಂಡ್ ಬನ್ನಿ. ಕಂಪ್ಯೂಟರು ಆ ಕಾಲಂ ಖಾಲಿ ಬಿಟ್ರೆ ಮುಂದಕ್ಕೇ ಹೋಗಲ್ಲಮ್ಮ. ನಾನೇನ್ ಮಾಡ್ಲಿ?”

ಹಿಂದಿನವರು ಆಗಲೇ ಮುಂದೆ ಬಂದು ನಿಂತಿದ್ದರು.

ಮಂಗಳವಾರ, ಮಾರ್ಚ್ ೧೮

ಹಗಲೆಲ್ಲ ಆಸ್ಪತ್ರೆಯಲ್ಲಿದ್ದೆ, ಕತ್ತಲಾದ ಮೇಲೆ ಬಂದೆ. ವ್ಯಾನು ಹೋಗಿಯಾಗಿತ್ತು.

ಆರನೇ ಕಂಬದ ಮಾವ, ಕಾಲಿಗೆ ಸದಾ ಬ್ಯಾಂಡೇಜು ಸುತ್ತಿಕೊಂಡಿರುವವರು, ಒಂದು ಚೀಟಿ ಬರೆದುಕೊಡು ಎಂದರು. ಸಿಸ್ಟರ ಮುಂದೆ ಕೂತಾಗ ಎಲ್ಲ ಮರೆತುಹೋಗುತ್ತದಂತೆ. ಯಾವಾಗ ಗಾಯವಾಯಿತು, ಯಾವ ಮಾತ್ರೆಗೆ ತಲೆ ಸುತ್ತುತ್ತದೆ ಎಲ್ಲ ಕೇಳಿ ಬರೆದೆ. ಅದನ್ನು ನೋಡಿ ಇನ್ನೂ ನಾಲ್ವರು ಬಂದರು. ಎರಡನೇ ಕಂಬದವಳಿಗೆ ಮೂರ್ಛೆ ರೋಗ, ತಾನು ಬೀಳುವಾಗ ಯಾರಾದರೂ ಚೀಲ ಕದಿಯುತ್ತಾರೆ ಎನ್ನುವುದೇ ಅವಳ ದೊಡ್ಡ ಚಿಂತೆ. “ಅದನ್ನೂ ಬರಿ, ಡಾಕ್ಟರ್ಗೆ ಗೊತ್ತಾಗ್ಲಿ” ಎಂದಳು. ಬರೆದೆ. ಹಾಳೆ ಇದೇ ಪುಸ್ತಕದ್ದು. ಎಲ್ಲರ ಚೀಟಿಯ ತಲೆಯ ಮೇಲೂ ಕಂಬದ ನಂಬರು ಹಾಕಿದೆ.

ಬರೆಯುತ್ತಾ ಕೆಮ್ಮಿಕೊಂಡೆ. ಅಜ್ಜಿ, “ನಿನ್ನದನ್ನ ಯಾರು ಬರೀತಾರೆ?” ಎಂದಳು. ನನಗೆ ಸಿಟ್ಟು ಬಂತು. ಗೋಡೆಯ ಕಡೆ ತಿರುಗಿ ಮಲಗಿದೆ. ಇಲ್ಲಿ ಗೋಡೆಯೇ ಇಲ್ಲ, ಆ ಮಾತು ಬೇರೆ.

ಶನಿವಾರ, ಮಾರ್ಚ್ ೨೨

ರಾತ್ರಿ ಬಟ್ಟೆ ಬೆವರಿಗೆ ಒದ್ದೆ. ಸೆಕೆ ಶುರುವಾಯಿತು. ಉಳಿದವರೆಲ್ಲ ಹೊದ್ದುಕೊಂಡೇ ಮಲಗಿದ್ದಾರೆ.

ಬಟ್ಟೆ ಜಾರುತ್ತದೆಂದು ಸೊಂಟದ ಬಳಿ ಇನ್ನೊಂದು ಪಿನ್ನು ಹಾಕಿಕೊಂಡೆ.

ಕರವಸ್ತ್ರದಲ್ಲಿ ಒಂದಿಷ್ಟು ಕೆಂಪು. ಒಸಡಿನದಿರಬೇಕು. ಪುಟ್ಟಿ ಹಾಲು ಕುಡಿಯುತ್ತಾಳೆ, ಕಕ್ಕುತ್ತಾಳೆ. ಇವತ್ತು ಮೂರು ಸಲ. ನೆತ್ತಿ ಮುಟ್ಟಿದರೆ ಅಳುತ್ತಾಳೆ.

ಮಂಗಳವಾರ, ಮಾರ್ಚ್ ೨೫

ಹಳೆಯ ಮನೆಗೆ ಹೋಗಿದ್ದೆ. ಕೆಳಗಿನ ದರ್ಜಿಯಿಂದ, ಈಕೆ ಇಲ್ಲಿದ್ದಳು ಎಂದು ಒಂದು ಸಾಲು ಬರೆಸಿಕೊಂಡು ನೋಂದಣಿ ಕಿಟಕಿಗೆ ಕೊಡೋಣ ಎಂದು.

ಕಟ್ಟಡವೇ ಇಲ್ಲ. ತಗಡಿನ ಬೇಲಿ, ಒಳಗೆ ಇಟ್ಟಿಗೆಯ ಗುಡ್ಡೆ. ನಮ್ಮ ಅಡುಗೆಮನೆಯ ಹಸಿರು ಗೋಡೆಯ ಒಂದು ತುಂಡು ಮೇಲೆಯೇ ಬಿದ್ದಿತ್ತು. ದರ್ಜಿ ಎದುರುಗಡೆ ಮೆಟ್ಟಿಲ ಕೆಳಗೆ ಮೆಷಿನ್ನು ಹಾಕಿಕೊಂಡಿದ್ದಾರೆ. ನನ್ನನ್ನು ಕಂಡು ಕತ್ತರಿ ಕೆಳಗಿಟ್ಟರು.

“ಏನಮ್ಮ ನೀವು, ಎಲ್ಲಿ ಹೋಗಿದ್ರಿ? ಆಸ್ಪತ್ರೆ ಕಡೆಯವರು ಎರಡು ಸಲ ನಿಮ್ಮನ್ನ ಹುಡುಕ್ಕೊಂಡು ಬಂದಿದ್ರು. ಯಾಕೆ ಅಂದ್ರೆ ಹೇಳಲ್ಲ. ತಾಯಿ ಮಗು ಇಬ್ಬರೂ ಸಿಗಬೇಕು, ಸಿಕ್ಕಿದ ತಕ್ಷಣ ಕಳಿಸಿ ಅಂದ್ರು.”

ತಾಯಿ ಮಗು ಇಬ್ಬರೂ.

ನನಗೆ ಎಲ್ಲ ಅರ್ಥವಾಯಿತು. ವಿಳಾಸ ಸುಳ್ಳೆಂದು ಗೊತ್ತಾಗಿದೆ. ಬೀದಿಯಲ್ಲಿ ಮಗು ಇದೆಯೆಂದು ಇಲಾಖೆಗೆ ಹೇಳಿದ್ದಾರೆ. ಹುಡುಕುತ್ತಿದ್ದಾರೆ. ಚೀಟಿ ಬರೆಸಿಕೊಳ್ಳದೆಯೇ ಓಡಿಬಂದೆ. ಇವತ್ತು ಮಂಗಳವಾರ, ವ್ಯಾನಿನ ದಿನ. ಕಂಬದ ಹತ್ತಿರ ಹೋಗುವಂತಿಲ್ಲ. ಆಸ್ಪತ್ರೆಯ ಹಾಲಿಗೂ ಹೋಗುವಂತಿಲ್ಲ. ದೂರದ ಬಸ್ ನಿಲ್ದಾಣಕ್ಕೆ ನಡೆದೆವು. ಪುಟ್ಟಿ ಹೆಗಲ ಮೇಲೆ ಒದ್ದೆ ಬಟ್ಟೆಯ ಹಾಗೆ ಇದ್ದಳು. ನಾಲ್ಕು ಕಡೆ ಕೂತು ಉಸಿರು ತೆಗೆದುಕೊಳ್ಳಬೇಕಾಯಿತು. ಮೊದಲು ಹೀಗೆ ಆಗುತ್ತಿರಲಿಲ್ಲ, ನಿದ್ದೆಯಿಲ್ಲದ್ದು.

ಶನಿವಾರ, ಮಾರ್ಚ್ ೨೯

ಬಸ್ ನಿಲ್ದಾಣದಲ್ಲಿ ನಾಲ್ಕು ರಾತ್ರಿ. ಕಾವಲಿನವನು ಗಂಟೆಗೊಮ್ಮೆ ಲಾಠಿಯಿಂದ ಬೆಂಚು ಕುಟ್ಟಿ ಯಾವ ಬಸ್ಸು ಎಂದು ಕೇಳುತ್ತಾನೆ. ಬೋರ್ಡಿನಲ್ಲಿ ಕಂಡ ಊರು ಹೇಳುತ್ತೇನೆ. ನಿನ್ನೆ ಬಸ್ಸಿಲ್ಲದ ಊರು ಹೇಳಿಬಿಟ್ಟೆ. ಶೌಚಕ್ಕೆ ಹೋಗಬೇಕಾದರೆ ಮಗುವನ್ನು ಯಾರ ಕೈಗೆ ಕೊಡಲಿ? ಅಜ್ಜಿ ಇದ್ದಿದ್ದರೆ ಎನಿಸಿತು. ಪುಟ್ಟಿ ನನ್ನ ಮುಖ ನೋಡುತ್ತಿಲ್ಲ. ನನ್ನ ಹಿಂದೆ ಯಾರೋ ನಿಂತವರನ್ನು ನೋಡುವ ಹಾಗೆ ನೋಡುತ್ತಾಳೆ.

ತಡೆಯಲಾಗದೆ ಇವತ್ತು ಕಂಬಕ್ಕೆ ಬಂದೆ. ನಮ್ಮ ಜಾಗದಲ್ಲಿ ಯಾರೂ ಮಲಗದ ಹಾಗೆ ಅಜ್ಜಿ ತನ್ನ ಗೋಣಿ ಹಾಸಿಟ್ಟಿದ್ದಳು. ಬಾಯಿ ತುಂಬ ಬೈದಳು. ಆಮೇಲೆ ಗುಟ್ಟಾಗಿ ಹೇಳಿದಳು.

“ಆ ವ್ಯಾನಿನವಳು ಈ ಮಂಗಳವಾರ ಬಂದು ಒಬ್ಬೊಬ್ಬರನ್ನೂ ಕೇಳಿದ್ಲು. ಮಗು ಇರೋ ಹುಡುಗಿ, ಓದಿದವಳ ಥರ ಮಾತಾಡ್ತಾಳೆ, ನೋಡಿದ್ದೀರಾ ಅಂತ. ನಾವು ಯಾರೂ ಬಾಯಿ ಬಿಡ್ಲಿಲ್ಲ. ಅಂಥವಳು ಇಲ್ಲಿಲ್ಲ ಅಂದೆ ನಾನು. ಆರನೇ ಕಂಬದವನೂ ಹಂಗೇ ಅಂದ.”

ಅವಳ ಎರಡೂ ಕೈ ಹಿಡಿದುಕೊಂಡೆ. ನಮ್ಮವರು ಎಂದರೆ ಹೀಗಿರಬೇಕು. ನಲವತ್ತು ಜನರಲ್ಲಿ ಒಬ್ಬರೂ ನಮ್ಮನ್ನು ಹಿಡಿದುಕೊಡಲಿಲ್ಲ.

ಪುಟ್ಟಿಯನ್ನು ಅಜ್ಜಿಯ ಮಡಿಲಿಗೆ ಕೊಟ್ಟು ಮೂರು ಗಂಟೆ ಮಲಗಿದೆ.

ಸೋಮವಾರ, ಮಾರ್ಚ್ ೩೧

ಪುಟ್ಟಿ ಬಿಲ್ಲಿನ ಹಾಗೆ ಬಾಗಿದಳು ಕಣ್ಣು ಮೇಲೆ ಹೋಯಿತು ಅಜ್ಜಿ ಎತ್ತಿಕೊಂಡು ಓಡಿದಳು ನನ್ನ ಕೈಯಲ್ಲಿ ಓಡಲಾಗಲಿಲ್ಲ ಹಿಂದೆ ಉಳಿದೆ. ತುರ್ತು ಬಾಗಿಲಲ್ಲಿ ವಿಳಾಸ ಕೇಳಲಿಲ್ಲ. ಒಳಗೆ ಕರೆದುಕೊಂಡರು. ನನ್ನನ್ನು ಹೊರಗೆ ನಿಲ್ಲಿಸಿದ್ದಾರೆ.

ಮಂಗಳವಾರ, ಏಪ್ರಿಲ್ ೧, ಬೆಳಗ್ಗೆ

ವ್ಯಾನಿನ ಸಿಸ್ಟರು ಬಂದಿದ್ದರು. ಅಜ್ಜಿಯೇ ಅವರನ್ನು ಹುಡುಕಿ ಕರೆತಂದಳಂತೆ. ಬಂದವರೇ ನನ್ನ ಮೂಗು ಬಾಯಿಗೆ ಮಾಸ್ಕು ಕಟ್ಟಿದರು, ಆಮೇಲೆ ಮಾತು. ಮಗುವನ್ನು ಇಲಾಖೆಗೆ ಕೊಡಬೇಡಿ ಎಂದು ಅವರ ತೋಳು ಹಿಡಿದೆ. ಅವರಿಗೆ ನಾನು ಏನು ಹೇಳುತ್ತಿದ್ದೇನೆಂದೇ ತಿಳಿಯಲಿಲ್ಲ.

“ಯಾವ ಇಲಾಖೆ? ನಿಮ್ಮ ರಿಪೋರ್ಟು ಕೈಯಲ್ಲಿ ಹಿಡ್ಕೊಂಡು ಓಡಾಡ್ತಿದ್ದೆ ನಾನು. ಏಳನೇ ತಾರೀಕಿಗೇ ಬಂದಿತ್ತು. ನಿಮಗೆ ಕ್ಷಯ ಇದೆಯಮ್ಮ. ಎದೆ ತುಂಬ.”

ಅಜ್ಜಿಯದಿರಬೇಕು, ಡಬ್ಬಿ ಅದಲುಬದಲಾಗಿದೆ ಎಂದೆ. ಅವರು ನನ್ನ ಸೊಂಟದ ಪಿನ್ನುಗಳನ್ನು ನೋಡಿದರು. ಮೂರು ಇದ್ದವು.

ನನ್ನ ಉಸಿರಿನಿಂದ ಪುಟ್ಟಿಗೆ ಬಂದಿದೆ. ಮಿದುಳಿನ ಪೊರೆಗೆ ಇಳಿದಿದೆ. ಮುದುಕಿಗೂ ಮಗುವಿಗೂ ನಡುವೆ ಗೋಡೆಯಾಗಿ ಮಲಗಿದ್ದೆನಲ್ಲ, ದಿನಾ ರಾತ್ರಿ, ಮುಖಕ್ಕೆ ಮುಖ ಇಟ್ಟು.

ಹೋಗುವಾಗ ಸಿಸ್ಟರು ಬೈಯಲು ಬಾಯಿ ತೆಗೆದು, ಬೈಯದೆ, ಇಷ್ಟೇ ಹೇಳಿದರು. “ಕಂಬದ ನಂಬರು ಹೇಳಿದ್ರೆ ಅರ್ಧ ಗಂಟೇಲಿ ಸಿಗ್ತಿದ್ರಿ.”

ಭೇಟಿಯ ಹೊತ್ತಿಗೆ ಕಾಯುತ್ತಾ ಅಜ್ಜಿ ಗೇಟಿನಾಚೆ ಕೂತಿದ್ದಾಳೆ. ಕಂಬಿಯ ಸಂದಿನಿಂದ ಮಾತಾಡಿಸಿದೆ. “ಇಲ್ಲ ಅಂದುಬಿಟ್ಟೆನಲ್ಲ ತಾಯಿ. ಆ ಇಲ್ಲ ನನ್ನ ಗಂಟಲಲ್ಲೇ ಕೂತಿದೆ” ಎಂದಳು. ನನ್ನ ಗಂಟಲಲ್ಲಿ ಒಂದು ಇಡೀ ಮನೆಯ ನಂಬರಿದೆ.

ಅದೇ ದಿನ, ರಾತ್ರಿ ಹನ್ನೊಂದು ನಲವತ್ತು

ಇದನ್ನು ಇಷ್ಟು ದಿನ ನನಗಾಗಿ ಬರೆದೆ. ಇನ್ನು ಮುಂದಿನದು ನಿಮಗೆ. ನೀವು ಯಾರೋ ಗೊತ್ತಿಲ್ಲ. ರಾತ್ರಿ ಪಾಳಿಯಲ್ಲಿ ನೆಲ ಒರೆಸುವ ಅಕ್ಕ ಈ ಪುಸ್ತಕವನ್ನು ಸ್ಪೆಷಲ್ ವಾರ್ಡಿನ ಬಂಧುಗಳು ಕೂರುವ ಕೋಣೆಯ ಮೇಜಿನ ಮೇಲೆ ಇಡುತ್ತೇನೆ ಎಂದಿದ್ದಾರೆ. ಅಲ್ಲಿ ಮನೆ ಇರುವವರು ಕೂತಿರುತ್ತಾರೆ, ಅವರಿಗೂ ನಿದ್ದೆ ಬರುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಓದುತ್ತಾರೆ ಎಂದರು. ಕಾಗದ ಮುಟ್ಟಿದರೆ ಕ್ಷಯ ಬರುವುದಿಲ್ಲ, ಡಾಕ್ಟರನ್ನು ಕೇಳಿಯೇ ಕೊಡುತ್ತಿದ್ದೇನೆ. ಹಿಂದಿನ ಪುಟಗಳನ್ನು ಹರಿದುಹಾಕೋಣ ಎನಿಸಿತು. ಹಾಕಲಿಲ್ಲ. ನಾನು ಎಂಥವಳೆಂದು ಗೊತ್ತಾದ ಮೇಲೆಯೇ ನೀವು ತೀರ್ಮಾನ ಮಾಡಿ.

ವಿಷಯ ಇಷ್ಟು. ಪುಟ್ಟಿಯ ತಲೆಯಲ್ಲಿ ನೀರು ತುಂಬಿಕೊಂಡಿದೆ. ಅದನ್ನು ಇಳಿಸುವ ಡಾಕ್ಟರು ಇಲ್ಲಿಲ್ಲ, ಮಕ್ಕಳ ಆಸ್ಪತ್ರೆಯಲ್ಲಿದ್ದಾರೆ. ನಾಳೆ ಬೆಳಗ್ಗೆ ಆರೂವರೆಗೆ ಆಂಬುಲೆನ್ಸು. ಆ ಆಸ್ಪತ್ರೆಯಲ್ಲಿ ಪ್ರತಿ ಮಗುವಿನ ಹಾಸಿಗೆಯ ಪಕ್ಕ ಹಗಲು ರಾತ್ರಿ ಒಬ್ಬರು ಇರಬೇಕು. ಜೊತೆಗಾರರ ಚೀಟಿ ಇಲ್ಲದೆ ಇಲ್ಲಿಂದ ಗಾಡಿ ಹೊರಡುವುದಿಲ್ಲ. ನಾಳೆಯದು ತಪ್ಪಿದರೆ ಮುಂದಿನ ಗಾಡಿ ಶುಕ್ರವಾರ. ಶುಕ್ರವಾರ ಎಂದಾಗ ಡಾಕ್ಟರು ನನ್ನ ಮುಖ ನೋಡಲಿಲ್ಲ, ನೆಲ ನೋಡಿದರು.

ನಾನು ಹೋಗುವ ಹಾಗಿಲ್ಲ. ನಾನು ಕೆಮ್ಮಿದರೆ ಅಲ್ಲಿರುವ ಬೇರೆ ಮಕ್ಕಳಿಗೂ ಬರುತ್ತದೆ. ನನ್ನನ್ನು ಬೆಳಗ್ಗೆ ಎದೆರೋಗದ ವಾರ್ಡಿಗೆ ಹಾಕುತ್ತಾರೆ. ಹಾಕಲಿ.

ಅಜ್ಜಿ ಹೋಗುತ್ತಾಳೆ. ಅವಳನ್ನು ಇವತ್ತು ಮತ್ತೆ ಪರೀಕ್ಷೆ ಮಾಡಿದರು, ಎದೆಯ ಫೋಟೋ ತೆಗೆದರು, ಏನೂ ಇಲ್ಲ. ಪುಟ್ಟಿಗೆ ನಳಿಕೆಯಲ್ಲಿ ಹಾಲು ಬಿಡುವುದನ್ನು ನರ್ಸು ಒಂದು ಸಲ ತೋರಿಸಿಕೊಟ್ಟರು, ಎರಡನೆಯ ಸಲ ಅಜ್ಜಿ ತಾನೇ ಬಿಟ್ಟಳು. ಅವಳು ಕೈ ಇಟ್ಟರೆ ಮಗು ನರಳುವುದು ನಿಲ್ಲಿಸುತ್ತದೆ. ಆದರೆ ಚೀಟಿಯಲ್ಲಿ ಜೊತೆಗಾರರ ವಿಳಾಸದ ಕಾಲಮ್ಮು ಇದೆ. ಅಜ್ಜಿ ತನ್ನ ವಿಳಾಸ ಹೇಳಿದಳು, ಒಂಚೂರೂ ನಾಚಿಕೆಯಿಲ್ಲದೆ, ಇದ್ದದ್ದು ಇದ್ದ ಹಾಗೆ. ಡೆಸ್ಕಿನವರು ಪೆನ್ನು ಕೆಳಗಿಟ್ಟರು. ಇವತ್ತು ಸಂಜೆಯಿಂದ ಅವಳನ್ನು ಗೇಟಿನೊಳಗೆ ಬಿಡುತ್ತಿಲ್ಲ.

ವ್ಯಾನಿನ ಸಿಸ್ಟರು ತಮ್ಮ ವಿಳಾಸ ಕೊಡುತ್ತೇನೆಂದರು. ಆಸ್ಪತ್ರೆಯ ಸಿಬ್ಬಂದಿ ರೋಗಿಯ ಪರವಾಗಿ ನಿಲ್ಲುವಂತಿಲ್ಲ, ನಿಯಮ. ಅವರು ಜಗಳವಾಡಿದರು, ಅತ್ತರು, ಇನ್ನೂ ಯಾರುಯಾರಿಗೋ ಫೋನು ಹಚ್ಚುತ್ತಿದ್ದಾರೆ. ಇಷ್ಟು ಹೊತ್ತಿನಲ್ಲಿ ಯಾರೂ ಎತ್ತುತ್ತಿಲ್ಲ.

ಕೊನೆಗೆ ಡೆಸ್ಕಿನ ರಾತ್ರಿ ಮೇಲ್ವಿಚಾರಕರು ಒಂದು ದಾರಿ ಹೇಳಿದರು. ಮನೆ ವಿಳಾಸ ಇರುವ ಯಾರಾದರೂ ಒಬ್ಬರು, ಆರು ಗಂಟೆಯ ಒಳಗೆ ಫೋನು ಮಾಡಿ, ಆ ಅಜ್ಜಿಯ ಪರವಾಗಿ ನಾನು ನಿಲ್ಲುತ್ತೇನೆ, ನನ್ನ ಮನೆ ಇಂಥ ಕಡೆ ಎಂದು ಹೇಳಿದರೆ ಚೀಟಿ ಬರೆಯುತ್ತೇನೆ ಎಂದರು. ಅಷ್ಟೇ. ಅವಳನ್ನು ಮನೆಗೆ ಕರೆದೊಯ್ಯಬೇಕಿಲ್ಲ. ಬರುವುದೂ ಬೇಕಿಲ್ಲ. ಹಣದ ಮಾತಿಲ್ಲ. ಅಜ್ಜಿ ನಿಮ್ಮ ಮನೆಯವಳು ಎಂದು ಸುಳ್ಳು ಹೇಳಬೇಡಿ, ಸುಳ್ಳು ಹೇಳಿದರೆ ಏನಾಗುತ್ತದೆಂದು ಓದಿದ್ದೀರಿ. ಇದ್ದದ್ದನ್ನೇ ಹೇಳಿ. ನನಗೆ ಆಕೆಯ ಪರಿಚಯವಿಲ್ಲ, ಓದಿ ತಿಳಿದುಕೊಂಡೆ, ನಾನು ನಿಲ್ಲುತ್ತೇನೆ ಎನ್ನಿ.

ನೀವು ಇಲ್ಲಿ ನಿಮ್ಮವರಿಗಾಗಿ ಕೂತಿದ್ದೀರಿ. ನಿಮ್ಮ ಚಿಂತೆ ನಿಮಗಿದೆ, ಗೊತ್ತು. ನಾನಾಗಿದ್ದರೆ, ತಿಂಗಳ ಹಿಂದೆ, ಈ ಪುಸ್ತಕವನ್ನು ಮೂರು ಸಾಲು ಓದಿ ಮಗುಚಿ ಇಡುತ್ತಿದ್ದೆ. ಇವರೆಲ್ಲ ಎಷ್ಟೋ ವರ್ಷದಿಂದ ಇದ್ದವರು, ಒಗ್ಗಿಹೋದವರು ಎನ್ನುತ್ತಿದ್ದೆ. ಹಾಗೆ ಮಾಡಬೇಡಿ. ಕೋಣೆಯ ಬಾಗಿಲ ಬಲಗಡೆ ಗೋಡೆಗೆ ಫೋನು ಇದೆ ಎಂದರು ಅಕ್ಕ, ಸೊನ್ನೆ ಒತ್ತಿದರೆ ಡೆಸ್ಕು ಸಿಗುತ್ತದೆ. ತುರ್ತು ವಿಭಾಗ, ಹನ್ನೊಂದು ತಿಂಗಳ ಹೆಣ್ಣುಮಗು ಎಂದರೆ ಸಾಕು. ಇವತ್ತು ರಾತ್ರಿ ಅಂಥ ಮಗು ಒಂದೇ ಇರುವುದು.

ಅಕ್ಕ ಬಕೆಟು ಹಿಡಿದು ನಿಂತಿದ್ದಾರೆ, ಬೇಗ ಕೊಡು ಎನ್ನುತ್ತಿದ್ದಾರೆ. ಗಾಜಿನಾಚೆ ಪುಟ್ಟಿಯ ಪಾದ ಕಾಣುತ್ತಿದೆ, ಒಂದು ಕಾಲುಚೀಲ ಜಾರಿದೆ, ಹೋಗಿ ಎಳೆದು ಹಾಕಲು ನನಗೆ ಅಪ್ಪಣೆಯಿಲ್ಲ. ಅವಳ ಪಕ್ಕದ ಕುರ್ಚಿ ಖಾಲಿ. ಅದರಲ್ಲಿ ಅಜ್ಜಿ ಕೂರಬೇಕು. ನಿಮ್ಮ ಒಂದು ಮಾತು ಸಾಕು.

ದಯವಿಟ್ಟು ಫೋನು ಮಾಡಿ. ಓದಿ ಮುಗಿಸಿದ ಕೂಡಲೇ ಮಾಡಿ, ಆಮೇಲೆ ಮಾಡೋಣ ಎಂದರೆ ಕಣ್ಣು ಹತ್ತಿಬಿಡುತ್ತದೆ. ಬೆಳಗಾಗುವುದರೊಳಗೆ ಮಾಡಿ.